‘ಮೃದು ಬೆಳಕು’ ಎಂದರೆ ಮಂದ ಬೆಳಕೇ?

ಮಾನ್ಯರೇ,

ಮದುವೆಯ ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಬಂದು ವಧೂವರರ ಪಕ್ಕದಲ್ಲಿ ನಿಲ್ಲುವ ಅತಿಥಿಗಳ ಫೋಟೋ ತೆಗೆಯಲು ಸ್ಟುಡಿಯೋ ಲೈಟುಗಳನ್ನು ಹೇಗೆ ನಿಲ್ಲಿಸಬೇಕೆಂಬುದನ್ನು, ನನ್ನ ಜೊತೆ ಕೆಲಸ ಮಾಡುವ ಹುಡುಗರಿಗಾಗಿ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಸ್ಟ್ಯಾಂಡ್, ಟ್ರಿಗರ್, ಸಾಫ್ಟ್‌ಬಾಕ್ಸ್, ಅಂಬ್ರೆಲಾ (ಫ್ಲ್ಯಾಶಿನ ಬೆಳಕನ್ನು ಹರಡುವ ಕೊಡೆಯಾಕಾರದ ಸಾಧನ) ಮುಂತಾದ ಸಾಮಾನುಗಳ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಅಂಬ್ರೆಲಾವನ್ನು ಕೊಡೆ ಎಂದು ಬರೆದರೆ ಅವರು ಮಳೆಗೆ ಹಿಡಿಯುವುದನ್ನೇ ತಂದಾರು. ತೊಡಕಿರುವುದು ‘ಸಾಫ್ಟ್ ಲೈಟ್’ ಎಂಬ ಮಾತಿನಲ್ಲಿ.

ಅದನ್ನು ನಾನು ‘ಮೃದು ಬೆಳಕು’ ಎಂದು ಬರೆದಿದ್ದೆ. ಈಚೆಗೆ ಒಂದು ಆರತಕ್ಷತೆಯಲ್ಲಿ, ಬಲಗಡೆಯ ಬೆಳಕನ್ನು ಇನ್ನಷ್ಟು ಮೃದು ಮಾಡಪ್ಪಾ ಎಂದಾಗ ಹುಡುಗ ಫ್ಲ್ಯಾಶಿನ ಪವರನ್ನು ಅರ್ಧಕ್ಕೆ ಇಳಿಸಿಬಿಟ್ಟ. ಎಲ್ಲರ ಮುಖವೂ ಮಂಕಾಯಿತು. ವರನ ಮೈಸೂರು ಪೇಟದ ನೆರಳು ಮಾತ್ರ ಆಚೆ ನಿಂತಿದ್ದ ಸೋದರಮಾವನ ಕೆನ್ನೆಯ ಮೇಲೆ ಕತ್ತರಿಸಿ ಅಂಟಿಸಿದಂತೆ ಮೊದಲಿನ ಹಾಗೆಯೇ ಉಳಿಯಿತು. ತಪ್ಪು ಅವನದೆಂದು ನನಗನ್ನಿಸುವುದಿಲ್ಲ. ಮೃದುವಾಗಿ ಮಾತಾಡು ಎಂದರೆ ನಾವು ದನಿಯನ್ನೂ ತಗ್ಗಿಸುತ್ತೇವೆ. ಹಾಗೆಯೇ ಮೃದುವಾದ ಬೆಳಕೆಂದರೆ ಕಣ್ಣಿಗೆ ಚುಚ್ಚದ, ಅಂದರೆ ಕಡಿಮೆಯಿರುವ ಬೆಳಕೆಂದೇ ಕೇಳಿದವರಿಗೆ ತೋರುತ್ತದೆ.

ನಮ್ಮ ಕಸುಬಿನಲ್ಲಿ ‘ಸಾಫ್ಟ್’ ಎಂಬುದು ಬೆಳಕಿನ ಪ್ರಮಾಣವನ್ನಲ್ಲ, ನೆರಳಿನ ಅಂಚನ್ನು ಕುರಿತ ಮಾತು. ನಿಂತವರ ಕಣ್ಣಿಗೆ ದೀಪ ಎಷ್ಟು ಅಗಲವಾಗಿ ಕಾಣುತ್ತದೆಯೋ ನೆರಳಿನ ಅಂಚು ಅಷ್ಟು ಕರಗುತ್ತದೆ. 12 ಅಡಿ ದೂರದಲ್ಲಿದ್ದ ಅಂಬ್ರೆಲಾವನ್ನು 6 ಅಡಿಗೆ ತಂದರೆ ಅದು ಎರಡರಷ್ಟು ಅಗಲವಾಗಿ ಕಾಣುತ್ತದೆ, ಮುಖದ ಮೇಲೆ ಬೀಳುವ ಬೆಳಕೂ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಹೀಗೆ ಬೆಳಕು ಏಕಕಾಲಕ್ಕೆ ‘ಸಾಫ್ಟ್’ ಕೂಡ ಆಗುತ್ತದೆ, ಪ್ರಖರವೂ ಆಗುತ್ತದೆ. ಇದನ್ನು ‘ಮೃದುವಾಯಿತು’ ಎಂದು ಬರೆದರೆ ಓದುವವನು ನನ್ನ ತಲೆ ಕೆಟ್ಟಿದೆ ಎಂದುಕೊಳ್ಳುವುದು ಸಹಜ.

ಬೇರೆ ಪದಗಳನ್ನು ಹುಡುಕಿದೆ. ‘ನಸುಬೆಳಕು’ ಮುಂಜಾವಿನದು, ಅದು ಮಂದವೇ. ‘ಎಳೆಬಿಸಿಲು’ ಕೇಳಲು ಹಿತವಾಗಿದ್ದರೂ ಅಲ್ಲಿ ಎಳೆಯದಾಗಿರುವುದು ಕಾವು. ನೆರಳು ಉದ್ದವಾಗಿ, ಗೆರೆ ಎಳೆದಂತೆಯೇ ಬೀಳುತ್ತದೆ. ‘ಚದುರಿದ ಬೆಳಕು’ ಅರ್ಥಕ್ಕೆ ಹತ್ತಿರವಾದರೂ, 1928ರ ರಾಮನ್ ಪರಿಣಾಮದ ಪಾಠ ಓದಿದವರಿಗೆ ಅದು ಭೌತವಿಜ್ಞಾನದ ಬೇರೊಂದು ವಿದ್ಯಮಾನವನ್ನು ನೆನಪಿಸುತ್ತದೆ. ‘ಮೋಡದ ಬೆಳಕು’ ಎಂಬುದೇ ನನಗೆ ಹೆಚ್ಚು ಒಪ್ಪಿಗೆಯಾದದ್ದು: ಮೋಡ ಮುಸುಕಿದ ಮಧ್ಯಾಹ್ನ ಅಂಗಳದಲ್ಲಿ ಪುಸ್ತಕ ಓದುವಷ್ಟು ಬೆಳಕಿರುತ್ತದೆ, ಕಾಲಬುಡದಲ್ಲಿ ಮಾತ್ರ ನೆರಳಿರುವುದಿಲ್ಲ. ಆದರೆ ಮದುವೆ ಮನೆಯಲ್ಲಿ ಮೋಡದ ಮಾತೆತ್ತಲು ಹುಡುಗರು ಒಪ್ಪಲಿಲ್ಲ.

ಇದೇ ಹೊತ್ತಿನಲ್ಲಿ ‘ಫಿಲ್ ಲೈಟ್’ಗೆ ‘ತುಂಬುಬೆಳಕು’ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ತುಂಬುಗರ್ಭಿಣಿ, ತುಂಬುಜೀವನ ಎಂಬಲ್ಲಿನ ತುಂಬು ಪೂರ್ಣತೆಯನ್ನು ಹೇಳುತ್ತದೆ. ನೆರಳಿನ ಕಡೆಗೆ ಅಷ್ಟಿಷ್ಟು ಬೆಳಕು ಕೊಡುವ ಸಹಾಯಕ ದೀಪಕ್ಕೆ ಅದು ಹೊಂದದು.

ಈಗ ನನಗೆ ತೋಚುತ್ತಿರುವುದು, ಬೆಳಕಿಗೆ ವಿಶೇಷಣ ಹಚ್ಚುವ ಬದಲು ನೆರಳಿನ ಕಡೆಯಿಂದಲೇ ಹೇಳುವುದು. ಗ್ರಹಣದ ವಿವರಣೆಗಳಲ್ಲಿ ಪೂರ್ಣ ನೆರಳಿನ ಸುತ್ತಲಿನ ಮಸುಕು ಭಾಗಕ್ಕೆ ‘ಅರೆನೆರಳು’ ಎಂಬ ಪದವಿದೆ. ‘ಅರೆನೆರಳು ಅಗಲವಾಗಲಿ’, ‘ನೆರಳಿನ ಅಂಚು ಕರಗಿಸು’ ಎಂದು ಬರೆದರೆ ಪವರಿನ ಗುಂಡಿಯ ಕಡೆಗೆ ಯಾರ ಕೈಯೂ ಹೋಗಲಾರದು. ಆಂಗ್ಲರು ಬೆಳಕಿನ ಹೆಸರಿನಿಂದ ಕರೆದ ವಿದ್ಯೆಯನ್ನು ನಾವು ‘ಛಾಯಾಗ್ರಹಣ’ ಎಂದು ಕರೆದುಕೊಂಡಿರುವಾಗ ಈ ದಾರಿ ನಮಗೆ ಪರಕೀಯವೇನೂ ಅಲ್ಲ.

ಹಾಗಾಗಿ ಬಲ್ಲವರಲ್ಲಿ ಎರಡು ಪ್ರಶ್ನೆಗಳು. ‘ಅರೆನೆರಳು’ ಪದವನ್ನು ಗ್ರಹಣದ ಆಚೆಗೆ, ದಿನಬಳಕೆಯ ನೆರಳಿಗೂ ಬಳಸಿದರೆ ನಿಮ್ಮ ಕಿವಿಗೆ ಒಡ್ಡಾಗುತ್ತದೆಯೇ? ಇನ್ನೊಂದು, ತೊಗಲುಗೊಂಬೆಯಾಟದಲ್ಲಿ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಚಿತ್ರ ಚೊಕ್ಕವಾಗಿ ಮೂಡುತ್ತದೆ, ದೀಪದ ಕಡೆಗೆ ಸರಿಸಿದರೆ ಅಂಚು ಕಲಸಿಹೋಗುತ್ತದೆ. ಈ ಎರಡು ಸ್ಥಿತಿಗಳಿಗೆ ಗೊಂಬೆಯಾಡಿಸುವವರು ತಮ್ಮೊಳಗೆ ಯಾವ ಮಾತು ಬಳಸುತ್ತಾರೆ? ಕೇಳಿಸಿಕೊಂಡವರು ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಬೇಕು.