ಸಹಾಯ ಬೇಕು: 6 ವರ್ಷದ ಗಿನಿಪಿಗ್‌ಗೆ ಮೂತ್ರಕೋಶದಲ್ಲಿ ಕಲ್ಲು

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಗಿನಿಪಿಗ್ ಚಿನ್ನಿಗೆ 6 ವರ್ಷ ದಾಟಿದೆ. ಇತ್ತೀಚೆಗೆ ಉಚ್ಚೆ ಹೊಯ್ಯುವಾಗ ಬೆನ್ನು ಗೂನು ಮಾಡಿಕೊಂಡು ಕೀರಲು ದನಿಯಲ್ಲಿ ಅಳುತ್ತಾಳೆ. ಹಾಸಿದ ಬಿಳಿ ಬಟ್ಟೆಯ ಮೇಲೆ ತಿಳಿಗೆಂಪು ಕಲೆ, ಒಣಗಿದ ಮೇಲೆ ಸುಣ್ಣದ ಪುಡಿಯಂಥ ಗಸಿ. ಹಿಂಗಾಲಿನ ಸಂದಿ ಸದಾ ಒದ್ದೆ, ಅಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದೆ.

ಎಕ್ಸ್‌ರೇಯಲ್ಲಿ ಸಣ್ಣ ಕಲ್ಲು ಕಂಡಿದೆ. ಡಾಕ್ಟರು ನೋವಿಗೆ ಮೆಲಾಕ್ಸಿಕಾಮ್ ಕೊಟ್ಟಿದ್ದಾರೆ, ಆದರೆ ಈ ವಯಸ್ಸಿಗೆ ಅರಿವಳಿಕೆ ಕೊಡಲು ಹಿಂಜರಿಯುತ್ತಿದ್ದಾರೆ. ಅವರು ಹೆಚ್ಚಾಗಿ ನೋಡುವುದು ನಾಯಿ, ಬೆಕ್ಕುಗಳನ್ನು.

ಮೈಸೂರು ಅಥವಾ ಬೆಂಗಳೂರಿನಲ್ಲಿ ಗಿನಿಪಿಗ್, ಮೊಲಗಳಿಗೆ ಕಲ್ಲಿನ ಆಪರೇಷನ್ ಮಾಡಿ ಅನುಭವವಿರುವ ಪಶುವೈದ್ಯರು ಗೊತ್ತಿದ್ದರೆ ತಿಳಿಸಿ. ವಯಸ್ಸಾದ ಗಿನಿಪಿಗ್‌ಗೆ ಆಪರೇಷನ್ ಮಾಡಿಸಿದವರಿದ್ದರೆ, ಆಮೇಲೆ ಹೇಗೆ ಚೇತರಿಸಿಕೊಂಡಿತು ಅಂತ ದಯವಿಟ್ಟು ಹೇಳಿ. ನನಗೆ ಅದೇ ದೊಡ್ಡ ಚಿಂತೆ.

ಪಾಲಕ್ ಕೊಡುತ್ತಿಲ್ಲ. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದೂ ಬಂದ್. ಟಿಮೊತಿ ಹುಲ್ಲು, ವಿಟಮಿನ್ ಸಿಗೆ ದೊಣ್ಣೆ ಮೆಣಸಿನಕಾಯಿ, ನೀರಿನಂಶ ಹೆಚ್ಚಲೆಂದು ತೊಳೆದ ಸೊಪ್ಪನ್ನು ಒದ್ದೆಯಾಗಿಯೇ ಕೊಡುತ್ತೇನೆ. ಊಟ ಬಿಟ್ಟರೆ ಇವುಗಳ ಕರುಳು ಬೇಗ ನಿಂತುಹೋಗುತ್ತದೆ, ಹಾಗಾಗಿ ತಿನ್ನದಿದ್ದಾಗ ಸಿರಿಂಜಿನಲ್ಲಿ ತಿನ್ನಿಸುತ್ತಿದ್ದೇನೆ.

ಒದ್ದೆ ಚರ್ಮಕ್ಕೆ, ನೆಕ್ಕಿದರೂ ತೊಂದರೆಯಾಗದಂಥದ್ದು ಏನು ಹಚ್ಚಬಹುದು? ಹಾಸಲು ಯಾವ ಬಟ್ಟೆ ಒಳ್ಳೆಯದು?

ಒಂದು ವಿನಂತಿ: ಅಮಾಕ್ಸಿಸಿಲಿನ್ ಮಾತ್ರ ಯಾರೂ ಸೂಚಿಸಬೇಡಿ, ಪೆನ್ಸಿಲಿನ್ ಗುಂಪಿನ ಔಷಧಿ ಬಾಯಿಗೆ ಹಾಕಿದರೆ ಗಿನಿಪಿಗ್ ಪ್ರಾಣಕ್ಕೇ ಕುತ್ತು. ಬೆಂಗಳೂರಿಗೆ ಇವತ್ತೇ ಹೊರಡಲೂ ಸಿದ್ಧ.