ಕೆಲಸದ ಜೊತೆ ಕ್ವಾರ್ಟರ್ಸೂ ಹೋಗ್ತಿದೆ, ಕುಡಿತ ಬಿಟ್ಟವನು ಎಲ್ಲಿಗೆ ಹೋಗಲಿ?

ಉಗಿಮನೆ, ಮಂಡ್ಯ:

ಮಂಡ್ಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್ ನಾನು. ಒಂಬತ್ತು ವರ್ಷ ಸರ್ವಿಸ್. ಈ ವರ್ಷದ ಹೊಸತೊಡಕೇ ಕೊನೆ, ಆಮೇಲೆ ಒಂದು ತೊಟ್ಟೂ ಕುಡಿದಿಲ್ಲ. ಮಾತ್ರೆ ನಡೀತಿದೆ. ಮಾತ್ರೆಗೆ ಮಂಪರು ಬರುತ್ತದೆ, ಸದ್ಯಕ್ಕೆ ರಾತ್ರಿ ಪಾಳಿ ಬೇಡ ಅಂತ ಡಾಕ್ಟರ ಚೀಟಿ ಕೊಟ್ಟೆ. ಆ ಚೀಟಿಯೇ ಮುಳುವಾಯಿತು. ‘ಕುಡಿತದ ಕೇಸನ್ನು ಬಾಯ್ಲರ್ ಮುಂದೆ ನಿಲ್ಲಿಸಲ್ಲ’ ಅಂದರು. ಕುಡಿಯುತ್ತಿದ್ದಾಗ ಇಷ್ಟು ವರ್ಷ ನಿಲ್ಲಿಸಿದ್ದರು, ಅದು ಬೇರೆ ಮಾತು.

ರಾಜೀನಾಮೆ ಬರೆದುಕೊಟ್ಟರೆ ಲೆಕ್ಕ ಚುಕ್ತಾ ಮಾಡುತ್ತಾರಂತೆ, ಇಲ್ಲದಿದ್ದರೆ ತೆಗೆದುಹಾಕುತ್ತಾರಂತೆ. ಹೇಗಿದ್ದರೂ ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು.

ಕೆಲಸಕ್ಕಿಂತ ಮನೆ ಚಿಂತೆಯೇ ಜಾಸ್ತಿ. ಅತ್ತೆ ಮನೆಯವರು ಬನ್ನಿ ಅಂತಿದ್ದಾರೆ, ಮನಸಾರೆ ಕರೀತಿದ್ದಾರೆ. ಆದರೆ ಬಾಮೈದಂದಿರಿಬ್ಬರೂ ಸಂಜೆ ಆಲೆಮನೆಯಿಂದ ಬಂದರೆ ಜಗಲಿ ಮೇಲೆ ಬಾಟಲಿ ಇಟ್ಟುಕೊಂಡೇ ಕೂರುವವರು. ಕೆಟ್ಟವರಲ್ಲ. ‘ಭಾವ, ಒಂದೇ ಒಂದು’ ಅಂತಾರೆ, ಅಷ್ಟೇ. ಪೇಟೆಯಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸೇ ಐವತ್ತು ಸಾವಿರ ಕೇಳುತ್ತಿದ್ದಾರೆ. ಹೆಂಡತಿ ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಅವಳ ಸಂಬಳದಲ್ಲಿ ಅದು ಆಗದ ಮಾತು. ರಾಜೀನಾಮೆ ಕೊಟ್ಟು ಆ ದುಡ್ಡಲ್ಲಿ ಅಡ್ವಾನ್ಸ್ ಕಟ್ಟಲಾ?

ಹಳೇ ಯೂನಿಯನ್:

ಸೈನ್ ಹಾಕಬೇಡಿ ಸಾರ್. ಐದು ವರ್ಷ ದಾಟಿದ ಮೇಲೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಬರುವ ಇಡುಗಂಟು, ನಿಮ್ಮ ಹಕ್ಕು, ರಾಜೀನಾಮೆಗೆ ಪ್ರತಿಯಾಗಿ ಕೊಡುವ ಇನಾಮಲ್ಲ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 18,000 ಇದ್ದರೆ 9 ವರ್ಷಕ್ಕೆ ಸುಮಾರು 93,000 ಆಗುತ್ತದೆ. ಕೊಡಲು ಅವರಿಗೆ 30 ದಿನದ ಗಡುವು ಇದೆ. ಹಾಗಾಗಿ ತಿಂಗಳ ಕೊನೆಯ ಅಡ್ವಾನ್ಸ್‌ಗೆ ಆ ದುಡ್ಡು ನೆಚ್ಚಿಕೊಳ್ಳಬೇಡಿ.

ನೀವಾಗಿಯೇ ಬಿಟ್ಟಿರಿ ಅಂತಾದರೆ ಆಮೇಲೆ ತಕರಾರು ಎತ್ತುವುದು ಕಷ್ಟ. ತೆಗೆಯುವುದಾದರೆ ಕಾರಣ ಬರೆದು ಕೊಡಲಿ, ವಿಚಾರಣೆ ಮಾಡಲಿ. ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ವಕೀಲರು ಉಚಿತ. ಫೋನ್ 15100.

ಕ್ವಾರ್ಟರ್ಸ್ ವಿಷಯಕ್ಕೆ ಮಾತ್ರ ಹಟ ಹಿಡಿಯಬೇಡಿ, ಬಾಡಿಗೆ ಅಂತ ಮುರಿದುಕೊಳ್ಳಲು ನೋಡುತ್ತಾರೆ. ಎರಡು ತಿಂಗಳು ಸಮಯ ಕೊಡಿ ಅಂತ ಅರ್ಜಿ ಬರೆದು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಮದ್ದೂರಮ್ಮನ ಒಕ್ಕಲು:

ಅತ್ತೆ ಮನೆ ಬೇಡ ಅಣ್ಣ. ನಮ್ಮ ಯಜಮಾನರೂ ಬಿಟ್ಟವರೇ, ಅದಕ್ಕೇ ಹೇಳ್ತಿದ್ದೀನಿ. ಬಾರ್ ಮುಂದೆ ತಲೆ ತಗ್ಗಿಸಿ ಹೋಗಿಬಿಡಬಹುದು. ದಿನಾ ಜೊತೆಗೆ ಉಣ್ಣುವವರು ಪ್ರೀತಿಯಿಂದ ಲೋಟ ಚಾಚಿದರೆ ಎಷ್ಟು ದಿನ ಬೇಡ ಅನ್ನೋದು?

ಮಂಡ್ಯ ಪೇಟೆಯೇ ಯಾಕೆ? ಅಕ್ಕನ ಗಾರ್ಮೆಂಟ್ಸ್ ಫ್ಯಾಕ್ಟರಿ ಸುತ್ತಿನ ಹಳ್ಳಿಗಳಲ್ಲಿ ನೋಡಿ. ಶೀಟಿನ ಮನೆಯಾದರೂ ಪರವಾಗಿಲ್ಲ, ಬಸ್ ಖರ್ಚು ಉಳಿಯುತ್ತದೆ. ಅಲ್ಲೇ ಕೆಲಸ ಮಾಡುವ ಹೆಂಗಸರು ಮಾತಾಡಿದರೆ ಅಡ್ವಾನ್ಸ್ ಎರಡು ಕಂತು ಮಾಡಿಕೊಳ್ಳುವ ಮಾಲೀಕರೂ ಇರುತ್ತಾರೆ.

ಗ್ರಾಚ್ಯುಟಿ ಬಂದ ದಿನವೇ ಅಕ್ಕನ ಖಾತೆಗೆ ಹಾಕಿಬಿಡಿ. ಕೈಯಲ್ಲಿ ಕೆಲಸ ಇಲ್ಲ, ಜೇಬಲ್ಲಿ ಇಡುಗಂಟು ಇದೆ ಅಂದರೆ ಅದರಷ್ಟು ಕೆಟ್ಟ ಹೊತ್ತು ಇನ್ನೊಂದಿಲ್ಲ. ಸಾಮಾನು ಸಾಗಿಸಲು ಬಾಮೈದಂದಿರನ್ನು ಕರೆಯಬೇಡಿ, ಸಂಜೆ ಪಾರ್ಟಿ ಕೇಳುತ್ತಾರೆ! ಆಟೋದವನಿಗೆ ದುಡ್ಡು ಹೋದರೆ ಹೋಗಲಿ.

ಮಾತ್ರೆಯನ್ನು ಖರ್ಚು ಅಂತ ನೀವೇ ನಿಲ್ಲಿಸಬೇಡಿ, ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಮಾನಸಿಕ ವಿಭಾಗ ಇದೆ. ರಾತ್ರಿ ತಡೆಯೋಕಾಗದೇ ಹೋದರೆ ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ನಂಜನಗೂಡಿನವ:

ನಾನೂ ಬಾಯ್ಲರ್‌ನವನೇ. ಬೇಜಾರಾಗಬೇಡಿ, ಕಂಪನಿಯವರ ಭಯ ಪೂರ್ತಿ ಸುಳ್ಳಲ್ಲ. ಮಂಪರಿನಲ್ಲಿ ನೀರಿನ ಮಟ್ಟ ನೋಡೋದು ತಪ್ಪಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾ? ಆದರೆ ಅದಕ್ಕೆ ಕೆಲಸದಿಂದ ತೆಗೆಯೋದೊಂದೇ ದಾರಿಯಲ್ಲ. ಮಾತ್ರೆ ಮುಗಿಯುವವರೆಗೆ ಸ್ಟೋರ್ಸ್‌ಗೋ ಬೇರೆ ವಿಭಾಗಕ್ಕೋ ಹಾಕಿ ಅಂತ ಬರೆದು ಕೊಡಿ. ಅವರು ಒಪ್ಪದಿದ್ದರೂ ನೀವು ಕೇಳಿದ್ದು ದಾಖಲೆಯಲ್ಲಿರುತ್ತದೆ.

ನಿಮ್ಮ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ಒರಿಜಿನಲ್ ಯಾರ ಹತ್ತಿರ ಇದೆ? ಆಫೀಸಿನಲ್ಲಿದ್ದರೆ ಜಗಳ ಶುರುವಾಗುವ ಮೊದಲೇ ಈಚೆ ತಗೊಳ್ಳಿ. ರೈಸ್ ಮಿಲ್ಲು, ಡೈರಿ, ಎಲ್ಲಿಗೆ ಹೋದರೂ ಮೊದಲು ಅದನ್ನೇ ಕೇಳೋದು.

ಉಗಿಮನೆ:

ಸೈನ್ ಹಾಕಿಲ್ಲ, ಹಾಕಲ್ಲ. ಸರ್ಟಿಫಿಕೇಟ್ ಆಫೀಸಲ್ಲೇ ಇದೆ. ರಿನ್ಯೂವಲ್ ಇದೆ ಅಂತ ಹೇಳಿ ನಾಳೆ ಕೇಳುತ್ತೇನೆ. ಅತ್ತೆಗೆ ಏನು ಹೇಳೋದು ಅನ್ನೋದೇ ತೋಚುತ್ತಿಲ್ಲ. ಒಂದು ರೂಮಿಗೆ ಆಗಲೇ ಸುಣ್ಣ ಹೊಡೆಸಿದ್ದಾರೆ.

ಮದ್ದೂರಮ್ಮನ ಒಕ್ಕಲು:

ನೀವು ಹೇಳಬೇಡಿ, ಅಕ್ಕನೇ ಹೇಳಲಿ. ಫ್ಯಾಕ್ಟರಿಗೆ ದೂರ ಆಗುತ್ತೆ ಅಂದರೆ ಸಾಕು. ಹಬ್ಬಕ್ಕೆ ಹೋಗಿ, ಮಧ್ಯಾಹ್ನ ಉಂಡು ಹೊತ್ತು ಮುಳುಗುವ ಮೊದಲೇ ಬಸ್ ಹತ್ತಿಬಿಡಿ.