ಪೆಟ್ಟಿಗೆಯ ಸಂಖ್ಯೆಗೂ ಜೇನು ಕುಟುಂಬದ ದಾಖಲೆಗೂ ತಾಳೆಯಾಗುತ್ತಿಲ್ಲ

ಪ್ರಶ್ನೆ (ಯಲಹಂಕ)

ನಮಸ್ಕಾರ. ನಮ್ಮ ತೋಟದ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ದೇಶೀ ಜೇನುಜಾತಿ) ಪೆಟ್ಟಿಗೆಗಳನ್ನು ಕೊಂಡು ತಂದಾಗಲೇ ಮುಚ್ಚಳಗಳ ಮೇಲೆ ಸಂಖ್ಯೆ ಬರೆದಿತ್ತು. ಅದನ್ನೇ ಅನುಸರಿಸಿ ಪ್ರತಿ ಕುಟುಂಬದ ವಿವರವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಎರಡು ಕುಟುಂಬಗಳನ್ನು ಪಾಲು ಮಾಡಿದ ಬಳಿಕ ಲೆಕ್ಕ ಕೂಡುತ್ತಿಲ್ಲ. 4ನೆಯ ಪೆಟ್ಟಿಗೆಯಲ್ಲಿ ಮೊಟ್ಟೆಯಿಡುವ ರಾಣಿ ಇರಬೇಕೆಂದು ಪುಸ್ತಕದಲ್ಲಿದೆ. ತೆರೆದರೆ ಮುಚ್ಚಿದ ರಾಣಿಕೋಶ (ಹೊಸ ರಾಣಿ ಬೆಳೆಯುವ ಕೋಶ) ಕಾಣುತ್ತಿದೆ. ಮಳೆಗೆ ಮಾರ್ಕರ್ ಬರಹವೂ ಮಾಸಿದೆ. ಯಾವ ವಿವರ ಯಾವ ಕುಟುಂಬದ್ದೆಂದು ಗುರುತಿಸುವುದು ಹೇಗೆ?

ಉತ್ತರ (ಕನಕಪುರ ರಸ್ತೆ)

ತಪಾಸಣೆಯ ಹೊತ್ತಿನಲ್ಲಿ ಹಲವು ಮುಚ್ಚಳಗಳು ನೆಲದ ಮೇಲಿರುತ್ತವೆ. ಒಂದರದ್ದು ಇನ್ನೊಂದರ ಮೇಲೆ ಕೂರುವುದು ಬಹಳ ಸುಲಭ. ಮೊದಲು ಪುಸ್ತಕವನ್ನು ಬದಿಗಿಟ್ಟು, ಪ್ರತಿ ಪೆಟ್ಟಿಗೆಯ ಸಂಸಾರ ಕೋಣೆಯಲ್ಲಿ (ಮೊಟ್ಟೆ, ಮರಿಗಳಿರುವ ಭಾಗ) ಮೊಟ್ಟೆಗಳನ್ನು ಹುಡುಕಿ. ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಎರಿಯ (ಮೇಣದ ಹಲ್ಲೆಯ) ಮೇಲೆ ಬೀಳುವಂತೆ ಚೌಕಟ್ಟನ್ನು ಹಿಡಿದರೆ, ಕೋಶದ ತಳದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣದಾದ ಬಿಳಿಯ ಕಡ್ಡಿಯಂತಹ ಮೊಟ್ಟೆ ಕಾಣುತ್ತದೆ. ಮೊಟ್ಟೆ ಒಡೆಯಲು ಸುಮಾರು 3 ದಿನ ಬೇಕಾದುದರಿಂದ, ಕೋಶಕ್ಕೊಂದರಂತೆ ಮೊಟ್ಟೆಗಳಿದ್ದರೆ ರಾಣಿಯನ್ನು ಕಣ್ಣಾರೆ ಕಾಣದಿದ್ದರೂ ಆಕೆ ತೀರಾ ಈಚಿನವರೆಗೆ ಅಲ್ಲಿದ್ದಳೆಂದು ತಿಳಿಯಬಹುದು. ಒಂದೇ ಕೋಶದಲ್ಲಿ ಹಲವು ಮೊಟ್ಟೆಗಳು ಗೋಡೆಗೆ ಅಂಟಿದ್ದರೆ ಅವು ಕೆಲಸಗಾರ ನೊಣಗಳು ಇಟ್ಟಿರಬಹುದಾದ ಮೊಟ್ಟೆಗಳು. ರಾಣಿಕೋಶ ಎಲ್ಲಿದೆಯೆಂಬುದನ್ನೂ ಬರೆದುಕೊಳ್ಳಿ: ಎರಿಯ ಕೆಳ ಅಂಚಿನಲ್ಲಿದ್ದರೆ ಅದು ಸಾಮಾನ್ಯವಾಗಿ ಕುಟುಂಬ ತಾನಾಗಿಯೇ ಪಾಲಾಗಿ ಹಾರುವ ಸಿದ್ಧತೆ, ಎರಿಯ ನಡುವೆ ಇದ್ದರೆ ರಾಣಿಯನ್ನು ಕಳೆದುಕೊಂಡ ಕುಟುಂಬದ ತುರ್ತು ಪ್ರಯತ್ನ.

ಇನ್ನು ಮುಂದೆ ಸಂಖ್ಯೆಯನ್ನು ಕುಟುಂಬಕ್ಕೆ ಕೊಡಿ, ಮರದ ಪೆಟ್ಟಿಗೆಗಲ್ಲ. ಅಲ್ಯೂಮಿನಿಯಂ ತಗಡಿನ ತುಂಡಿನ ಮೇಲೆ ಮೊಳೆಯಿಂದ ಅಂಕಿ ಕೊರೆದು, ಸಂಸಾರ ಕೋಣೆಯ ಬದಿಗೆ ತಂತಿಯಿಂದ ತೂಗುಹಾಕಿ. ಮೇಣದ ಪತಂಗದ ಕಾಟಕ್ಕೆ ಪೆಟ್ಟಿಗೆ ಬದಲಿಸಬೇಕಾದಾಗ ತಗಡೂ ಕುಟುಂಬದೊಂದಿಗೆ ಹೋಗಲಿ. ಪಾಲು ಮಾಡಿದಾಗ ಹಳೆಯ ರಾಣಿಯಿರುವ ಭಾಗ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲಿ, ಹೊಸ ಭಾಗದ ಪುಟದಲ್ಲಿ ತಾಯಿ ಕುಟುಂಬದ ಸಂಖ್ಯೆ ಇರಲಿ. ತುಡುವೆ ಗೂಡು ಬಿಟ್ಟು ಹಾರಿಹೋಗುವುದು ಸಾಮಾನ್ಯ. ಹಾಗೆ ಹೋದ ಕುಟುಂಬದ ಸಂಖ್ಯೆಯನ್ನು ಮತ್ತೆ ಬಳಸಬೇಡಿ.

ಪ್ರಶ್ನೆ (ಯಲಹಂಕ)

ನೋಡಿದೆ. 6ನೆಯ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಮೊಟ್ಟೆಗಳಿವೆ. 4ರಲ್ಲಿ ಮೊಟ್ಟೆಯಿಲ್ಲ, ರಾಣಿಕೋಶ ಎರಿಯ ನಡುವೆ ಇದೆ. ಮುಚ್ಚಳಗಳು ಅದಲುಬದಲಾಗಿರುವುದು ಖಚಿತ. ರಾಣಿಗೇ ಬಣ್ಣ ಹಚ್ಚಿದರೆ ಉತ್ತಮವೇ?

ಉತ್ತರ (ಕನಕಪುರ ರಸ್ತೆ)

ಹಚ್ಚಬಹುದು. ರಾಣಿ ಹುಟ್ಟಿದ ವರ್ಷಕ್ಕೊಂದು ಬಣ್ಣವೆಂಬ ಅಂತರರಾಷ್ಟ್ರೀಯ ಕ್ರಮದಲ್ಲಿ 2025ರ ರಾಣಿಗೆ ನೀಲಿ, 2026ರ ರಾಣಿಗೆ ಬಿಳಿ ಬಣ್ಣ. ಎದೆಯ ಮೇಲ್ಭಾಗದಲ್ಲಿ ಮಾತ್ರ ಚುಕ್ಕೆಯಿಟ್ಟು, ಒಣಗಿದ ಮೇಲೆ ಬಿಡಬೇಕು. ಆದರೆ ತುಡುವೆ ಬೇಗ ಗಾಬರಿಯಾಗುವ ಜಾತಿ. ಕೈ ಪಳಗುವವರೆಗೆ ಮೊಟ್ಟೆ ಕಂಡ ದಿನಾಂಕವನ್ನೇ ನಂಬುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ಮುಚ್ಚಿದ ರಾಣಿಕೋಶದಿಂದ ಸುಮಾರು ಒಂದು ವಾರದೊಳಗೆ ರಾಣಿ ಹೊರಬರುತ್ತಾಳೆ, ಮಿಲನ ಮುಗಿಸಿ ಮೊಟ್ಟೆಯಿಡಲು ಇನ್ನೂ ಒಂದೆರಡು ವಾರ ಬೇಕು. ಅಲ್ಲಿಯವರೆಗೆ 4ನೆಯ ಪೆಟ್ಟಿಗೆಯನ್ನು ತೆರೆಯದೆ, ಬಾಗಿಲಲ್ಲಿ ಪರಾಗ ಹೊತ್ತು ಬರುವ ನೊಣಗಳನ್ನಷ್ಟೇ ಗಮನಿಸಿ ದಾಖಲಿಸಿ.